ಹದಿನಾಲ್ಕರಿಂದ ಇಪ್ಪತ್ತೊಂದು: ಈ ವಯಸ್ಸಿನವರಿಗಾಗಿ ಒಂದು ಕಾನೂನು ಕೇಳೋಣ



ನಮ್ಮ ರಾಜ್ಯದಲ್ಲಿ ಒಂದು ಮಗುವಿಗೆ ಹದಿನಾಲ್ಕು ತುಂಬುತ್ತಿದ್ದಂತೆ ಎರಡು ಕಾನೂನುಗಳು ಒಟ್ಟಿಗೆ ಅದರ ಕೈಬಿಡುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಭರವಸೆ ಇರುವುದು ಆರರಿಂದ ಹದಿನಾಲ್ಕು ವರ್ಷದವರೆಗೆ, ಎಂಟನೇ ತರಗತಿ ಮುಗಿಯುವ ತನಕ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ ಹದಿನಾಲ್ಕರ ಒಳಗಿನವರನ್ನು ಕೂಲಿಗೆ ಹಚ್ಚುವುದನ್ನು ನಿಷೇಧಿಸಿತು. ಹದಿನಾಲ್ಕರಿಂದ ಹದಿನೆಂಟರವರಿಗೆ ಅಪಾಯಕಾರಿ ಕೆಲಸಗಳನ್ನು ಮಾತ್ರ ತಡೆಯಿತು. ಅಂದರೆ, ಶಾಲೆಗೆ ಕಾನೂನಿನ ಜವಾಬ್ದಾರಿ ಮುಗಿಯುವ ವಯಸ್ಸಿಗೇ ಕೂಲಿಯ ಬಾಗಿಲು ತೆರೆಯುತ್ತದೆ. ಈ ಎರಡು ಗೆರೆಗಳನ್ನು ಎಳೆದವರು ಬೇರೆ ಬೇರೆ ಮಂತ್ರಾಲಯದವರು. ಎರಡೂ ಒಂದೇ ಮಗುವಿನ ಮೇಲೆ ಬಂದು ಕೂಡುತ್ತವೆ.

ಆಮೇಲೆ ಶಾಲೆ ಬಿಟ್ಟ ಹುಡುಗ ಎಲ್ಲಿಗೆ ಹೋಗುತ್ತಾನೆ ಎನ್ನುವುದು ತಾಲ್ಲೂಕು ಊರುಗಳಲ್ಲಿ ಬದುಕುವ ಎಲ್ಲರಿಗೂ ಗೊತ್ತಿದೆ. ಮದುವೆ ಸೀಸನ್‌ನಲ್ಲಿ ಯಾವುದಾದರೂ ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ. ಕ್ಯಾಟರಿಂಗ್‌ನವರ ಟೆಂಪೋದಿಂದ ಹತ್ತು ಹನ್ನೆರಡು ಹುಡುಗರು ಇಳಿಯುತ್ತಾರೆ. ಕಪ್ಪು ಪ್ಯಾಂಟು, ಯಾರದೋ ಅಳತೆಗೆ ಹೊಲಿದ ಬಿಳಿ ಅಂಗಿ, ತಲೆಗೊಂದು ಪ್ಲಾಸ್ಟಿಕ್ ಟೊಪ್ಪಿ. ರಿಸೆಪ್ಷನ್ ಊಟ ಬಡಿಸಿ, ಎಲೆ ಎತ್ತಿ, ಪಾತ್ರೆ ತೊಳೆದು ಟೆಂಪೋಗೆ ತುಂಬುವ ಹೊತ್ತಿಗೆ ರಾತ್ರಿ ಒಂದು ಗಂಟೆ. ಬೆಳಿಗ್ಗೆ ಆರಕ್ಕೆ ಮುಹೂರ್ತದ ತಿಂಡಿ. ಹಾಗಾಗಿ ಊಟದ ಹಾಲ್‌ನ ಬೆಂಚುಗಳ ಮೇಲೇ ನಿದ್ದೆ. ಹದಿನಾರರ ಹುಡುಗನ ಲೆಕ್ಕದಲ್ಲಿ ಕೈಗೆ ಬರುವ ದುಡ್ಡು ಸಣ್ಣದಲ್ಲ. ಮನೆಗೂ ಒಂದಿಷ್ಟು ಹೋಗುತ್ತದೆ, ಹಾಗಾಗಿ ಅಪ್ಪ ಅಮ್ಮ ಏನೂ ಕೇಳುವುದಿಲ್ಲ. ಆಷಾಢ ಬಂತೆಂದರೆ ಮದುವೆಗಳು ನಿಲ್ಲುತ್ತವೆ, ದುಡ್ಡೂ ನಿಲ್ಲುತ್ತದೆ. ಆದರೆ ಕೈಯಲ್ಲಿ ದುಡ್ಡು ಆಡಿದ ರುಚಿ ನಿಲ್ಲುವುದಿಲ್ಲ. ಮೊಬೈಲ್‌ನಲ್ಲಿ ಬೆಟ್ಟಿಂಗ್, ಸಾಲ ತೀರಿಸಲು ಇನ್ನೊಂದು ಸಾಲ, ಬೈಕ್ ಇರುವ ಯಾರೋ ಅಣ್ಣನ ಹಿಂದೆ ಸುತ್ತಾಟ, "ಈ ಪ್ಯಾಕೆಟ್ ಒಂದು ಅಲ್ಲಿಗೆ ಕೊಟ್ಟು ಬಾರೋ" ಎಂಬ ಸಲೀಸಾದ ಕೆಲಸ. ಇಂಥ ಹುಡುಗರನ್ನು ಊರು ಎರಡೇ ಮಾತಿನಲ್ಲಿ ಮುಗಿಸುತ್ತದೆ: ದಾರಿ ತಪ್ಪಿದ. ದಾರಿ ಎಲ್ಲಿತ್ತು ಎಂದು ಕೇಳಿದವರು ಕಡಿಮೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನೇ ತೆಗೆದುಕೊಳ್ಳಿ. 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ನಕಲು ನಿಂತಿತು ಎಂದು ನಾವು ಚರ್ಚೆ ಮಾಡಿದೆವು. ನಕಲು ನಿಲ್ಲಲೇಬೇಕಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಆ ಒಂದು ದಿನ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಅನುತ್ತೀರ್ಣರೆಂದು ಗೊತ್ತಾದಾಗ, ಮಾರನೆಯ ಬೆಳಿಗ್ಗೆ ಅವರ ಮನೆ ಬಾಗಿಲಿಗೆ ಹೋಗಿ "ಎರಡನೇ ಪರೀಕ್ಷೆಗೆ ಕಟ್ಟಪ್ಪಾ, ಗಣಿತ ನಾನು ಹೇಳಿಕೊಡಿಸುತ್ತೇನೆ" ಎನ್ನುವುದು ಯಾರ ಕೆಲಸವಾಗಿತ್ತು? ಒಳ್ಳೆಯ ಮೇಷ್ಟ್ರು ಇದ್ದ ಕಡೆ ಮೇಷ್ಟ್ರು ಹೋದರು. ಇಲ್ಲದ ಕಡೆ ಯಾರೂ ಹೋಗಲಿಲ್ಲ, ಯಾಕೆಂದರೆ ಅದು ಯಾರ ಕೆಲಸವೂ ಅಲ್ಲ.

ಇನ್ನೊಂದು ಮಾತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿಯ ಹಣ ಜಮೆಯಾಗಲು ಶುರುವಾಯಿತು: ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500. ಕೆಲಸ ಹುಡುಕುವ ಮಕ್ಕಳಿಗೆ ಅದು ಬೇಕಾದ ಆಸರೆಯೇ. ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾಗಿ ಕಲ್ಯಾಣ ಮಂಟಪದ ಬೆಂಚಿನ ಮೇಲೆ ಮಲಗುವ ಹುಡುಗ ಆ ಅರ್ಜಿಯ ಮೊದಲ ಕಾಲಂ ಕೂಡ ತುಂಬಲಾರ. ಹೆಚ್ಚು ಓದಿದವರಿಗೆ ಹೆಚ್ಚು, ಕಡಿಮೆ ಓದಿದವರಿಗೆ ಕಡಿಮೆ, ಓದು ಬಿಟ್ಟವರಿಗೆ ಸೊನ್ನೆ.

ಈ ಹುಡುಗ ಒಂದು ದಿನ ಪೊಲೀಸರ ಕೈಗೆ ಸಿಕ್ಕ ಎನ್ನಿ. ಆಗ 2015ರ ಬಾಲ ನ್ಯಾಯ ಕಾಯ್ದೆ ಅವನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ನಿಜಕ್ಕೂ ಅದು ಮನುಷ್ಯತ್ವವಿರುವ ಕಾನೂನು. ಸಣ್ಣಪುಟ್ಟ ತಪ್ಪಿಗೆ ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಅವನ ಮನೆ ಪರಿಸ್ಥಿತಿಯ ವರದಿಯೊಂದಿಗೆ ಬಾಲ ನ್ಯಾಯ ಮಂಡಳಿಗೆ ತಿಳಿಸಿದರೆ ಸಾಕು ಎನ್ನುತ್ತವೆ ಕೇಂದ್ರದ ಮಾದರಿ ನಿಯಮಗಳು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಆಪ್ತ ಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಶಾಲೆಗೋ ಕೈಕೆಲಸದ ತರಬೇತಿಗೋ ಹೋಗು ಎಂದು ಆದೇಶಿಸಬಹುದು. ಕಟ್ಟಡದೊಳಗೆ ಕೂಡಿಹಾಕುವುದು ಕಟ್ಟಕಡೆಯ ಉಪಾಯ ಎಂದು ಕಾಯ್ದೆ ಬಾಯಿಬಿಟ್ಟು ಹೇಳುತ್ತದೆ. ಮಕ್ಕಳ ಕೈಯಲ್ಲಿ ಗಾಂಜಾ ಸಾಗಿಸುವ ದೊಡ್ಡವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಎಲ್ಲ ಸರಿ. ಆದರೆ ಕಳಿಸುವುದು ಎಲ್ಲಿಗೆ? ಮಂಡಳಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಹುಡುಗನ ಊರು ಅಲ್ಲಿಂದ ಎರಡು ಬಸ್ಸು ಬದಲಾಯಿಸುವಷ್ಟು ದೂರ. ಆ ಊರಲ್ಲಿ ಸಮಾಲೋಚಕರಿಲ್ಲ, ತರಬೇತಿ ಕೇಂದ್ರವಿಲ್ಲ, ಸಂಜೆ ಹೊತ್ತು ಹೋಗಿ ಕೂರಲು ಒಂದು ಜಾಗವಿಲ್ಲ. "ಮನೆಗೆ ಕಳಿಸಿ" ಎಂಬ ಆದೇಶ ಎಷ್ಟೇ ಕರುಣೆಯದಾದರೂ, ಅವನನ್ನು ಮತ್ತೆ ಅದೇ ಬೈಕಿನ ಅಣ್ಣನ ಬಳಿಗೇ ಕಳಿಸಿದಂತಾಗುತ್ತದೆ. ತಪ್ಪು ಮಾಡಿದ ಮೇಲೆ ಏನು ಮಾಡಬೇಕು ಎಂಬುದಕ್ಕೆ ನೂರು ಕಲಮುಗಳಿಗೂ ಮೀರಿದ ಕಾಯ್ದೆ ಇದೆ. ತಪ್ಪಿಗೆ ಮೊದಲಿನ ವರ್ಷಗಳಿಗೆ ಇರುವುದು ಸುತ್ತೋಲೆಗಳು.

ಸುತ್ತೋಲೆಗಳು ಎಂದೆ, ಅವುಗಳನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಈ ರಾಜ್ಯದಲ್ಲಿ ಒಳ್ಳೆಯ ಕೆಲಸಗಳು ನಡೆದಿವೆ, ನಡೆಯುತ್ತಿವೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳು ತಮ್ಮದೇ ಪಂಚಾಯಿತಿ ನಡೆಸಿದರು. ಕಾಲುಸಂಕ, ಹೆಂಡದಂಗಡಿ, ಶಾಲೆ ಬಿಟ್ಟ ಗೆಳೆಯ, ಎಲ್ಲವೂ ಅಲ್ಲಿ ಚರ್ಚೆಗೆ ಬರುವಂಥ ವಿಷಯವೇ. 2006ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಿ ಎಂದಿತು. ಈಗಲೂ ನವೆಂಬರ್ ಆಸುಪಾಸಿನಲ್ಲಿ ಸಭೆ ನಡೆಯುತ್ತದೆ. ಆಸಕ್ತಿ ಇರುವ ಪಿಡಿಒ ಸಿಕ್ಕ ಕಡೆ ಮಕ್ಕಳು ಕೇಳಿದ ಪ್ರಶ್ನೆಗೆ ಮೂರು ತಿಂಗಳಲ್ಲಿ ಉತ್ತರ ಬರುತ್ತದೆ, ಇಲ್ಲದ ಕಡೆ ಬಿಸ್ಕತ್ತು, ಬ್ಯಾನರು, ಫೋಟೊ. ಯುವಜನ ಸೇವಾ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ಕಟ್ಟಿದ 'ಯುವ ಸ್ಪಂದನ' ಇನ್ನೊಂದು ಉದಾಹರಣೆ. ಜಿಲ್ಲೆ ಜಿಲ್ಲೆಯಲ್ಲಿ ಕೇಂದ್ರ ತೆರೆದು, ಸ್ಥಳೀಯ ಹುಡುಗ ಹುಡುಗಿಯರನ್ನೇ 'ಯುವ ಪರಿವರ್ತಕ'ರೆಂದು ತರಬೇತಿ ಕೊಟ್ಟು, ಓದು, ಪ್ರೀತಿ, ಕುಡಿತ, ಖಿನ್ನತೆ ಯಾವುದನ್ನೇ ಆಗಲಿ ಮುಜುಗರವಿಲ್ಲದೆ ಮಾತಾಡಬಹುದಾದ ಒಂದು ವ್ಯವಸ್ಥೆ ಅದು. ಇಂಥದ್ದನ್ನು ಯೋಚಿಸಿದವರಿಗೆ ಕೈಮುಗಿಯಬೇಕು. ಆದರೆ ಅದು ಸಾಮಾನ್ಯವಾಗಿ ಜಿಲ್ಲಾ ಕೇಂದ್ರಕ್ಕೆ ನಿಲ್ಲುತ್ತದೆ. ಅದಕ್ಕೆ ಕಾನೂನಿನ ಬೆನ್ನೆಲುಬಿಲ್ಲ, ಪ್ರತಿ ಬಜೆಟ್‌ನಲ್ಲೂ ಹೊಸದಾಗಿ ಬದುಕಬೇಕು.

ಈಗ ಕಾನೂನಿನ ಬೆನ್ನೆಲುಬಿರುವ ಗ್ರಂಥಾಲಯದ ಕಥೆ ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿ ಗ್ರಂಥಾಲಯ ಕರಕ್ಕೆ ಜಾಗವಿದೆ. ನೀವು ಕಟ್ಟುವ ಮನೆ ಕಂದಾಯದಲ್ಲಿ ರೂಪಾಯಿಗೆ ಆರು ಪೈಸೆ ಪುಸ್ತಕಕ್ಕೆ ಸೇರುತ್ತದೆ. ರಸೀದಿ ತೆಗೆದು ನೋಡಿ, ಒಂದು ಸಾಲಿನಲ್ಲಿ ಇರುತ್ತದೆ. ಎಷ್ಟು ಸರ್ಕಾರಗಳು ಬಂದವು, ಹೋದವು. ಆ ಸಾಲು ಹೋಗಲಿಲ್ಲ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ತೆಕ್ಕೆಗೆ ಬಂದಾಗ, ಬಣ್ಣ ಬಳಿಯಲು ಗೋಡೆ ಇತ್ತು, ಕೂರಲು ಕೊಠಡಿ ಇತ್ತು, ಮೇಲ್ವಿಚಾರಕರು ಎಂಬ ಒಬ್ಬ ಮನುಷ್ಯರಿದ್ದರು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಎಂದು ಮಕ್ಕಳನ್ನು ಆ ಗ್ರಂಥಾಲಯಗಳಿಗೆ ಕರೆತರಲು ಸಾಧ್ಯವಾದದ್ದು ಈ ಅಡಿಪಾಯ ಇದ್ದದ್ದರಿಂದ. ಈಗ ಅವು ಅರಿವು ಕೇಂದ್ರಗಳು. ಕರ ಸಂಗ್ರಹಿಸಿದ ಸ್ಥಳೀಯ ಸಂಸ್ಥೆಗಳು ಹಣವನ್ನು ಇಲಾಖೆಗೆ ಕಟ್ಟದೆ ಬಾಕಿ ಉಳಿಸಿಕೊಂಡ ಸುದ್ದಿಗಳೂ ಬಂದಿವೆ. ಹಾಗೆ ಬಾಕಿ ಎಂದು ಕೇಳಲಿಕ್ಕಾದರೂ ಆದದ್ದು ಕಾಯ್ದೆ ಇದ್ದದ್ದಕ್ಕೆ. ಸುತ್ತೋಲೆಯ ಹಣಕ್ಕೆ ಬಾಕಿ ಎಂಬುದೇ ಇರುವುದಿಲ್ಲ.

ಹದಿನಾಲ್ಕರಿಂದ ಇಪ್ಪತ್ತೊಂದರವರಿಗೂ ನಾವು ಕೇಳಬೇಕಾದದ್ದು ಇದನ್ನೇ: ಕಾಯ್ದೆಯ ಬಲವಿರುವ ಹಣ, ಊರಲ್ಲೊಂದು ಕೇಂದ್ರ, ಹೆಸರು ಹಿಡಿದು ಕರೆಯಬಹುದಾದ ಒಬ್ಬ ಅಣ್ಣ ಅಥವಾ ಅಕ್ಕ. ಹದಿನೆಂಟಕ್ಕೆ ನಿಲ್ಲಿಸಬಾರದು. 2020–21ರಿಂದ ರಾಜ್ಯ ಬಜೆಟ್‌ನ ಜೊತೆ ಮಕ್ಕಳ ಆಯವ್ಯಯ ಎಂಬ ಪ್ರತ್ಯೇಕ ಪುಸ್ತಕ ಬರುತ್ತಿದೆ, ಒಳ್ಳೆಯದೇ, ಆದರೆ ಅದರ ಲೆಕ್ಕ ಹದಿನೆಂಟಕ್ಕೆ ಮುಗಿಯುತ್ತದೆ. ಬಾಲಮಂದಿರದಲ್ಲಿ ಬೆಳೆದ ಹುಡುಗಿ ಹದಿನೆಂಟು ತುಂಬಿದ ಮೇಲೆ ಹೊರಗೆ ಬರಬೇಕು; ಬಾಲ ನ್ಯಾಯ ಕಾಯ್ದೆಯ 46ನೇ ಕಲಮು ಆಕೆಗೆ ಆರ್ಥಿಕ ನೆರವು 'ನೀಡಬಹುದು' ಎನ್ನುತ್ತದೆ. ನೀಡಬಹುದು, ನೀಡದೆಯೂ ಇರಬಹುದು. ನಮ್ಮ ರಾಜ್ಯದ ಕಾನೂನು ಅದನ್ನು 'ನೀಡತಕ್ಕದ್ದು' ಮಾಡಲಿ.

ಹಣ ಎಲ್ಲಿಂದ ಎಂದು ಕೇಳುತ್ತಾರೆ, ಕೇಳಲೇಬೇಕು. 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಅದರ ನೂರರಲ್ಲಿ ಒಂದು ಭಾಗ 400 ಕೋಟಿ. ಅರ್ಧ ನಗರಗಳ ವಾರ್ಡುಗಳಿಗೆ ಹೋಗಲಿ; ಉಳಿದ 200 ಕೋಟಿಯನ್ನು ರಾಜ್ಯದ ಸುಮಾರು 5,950 ಗ್ರಾಮ ಪಂಚಾಯಿತಿಗಳಿಗೆ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ ಮೂರು ಲಕ್ಷ ರೂಪಾಯಿಗೂ ಸ್ವಲ್ಪ ಹೆಚ್ಚು ಬರುತ್ತದೆ. ಸ್ಥಳೀಯ ಯುವಕ ಅಥವಾ ಯುವತಿಯೊಬ್ಬರಿಗೆ ತಿಂಗಳಿಗೆ 15,000 ಗೌರವಧನ ಕೊಟ್ಟರೂ ಒಂದೂವರೆ ಲಕ್ಷ ಉಳಿಯುತ್ತದೆ. ಎಸ್‌ಎಸ್‌ಎಲ್‌ಸಿ ಮರುಪರೀಕ್ಷೆಯ ಶುಲ್ಕ, ಐಟಿಐ ಅರ್ಜಿ, ಬಸ್ ಪಾಸು, ವಾಲಿಬಾಲ್ ನೆಟ್ಟು, ಬಾಲ ನ್ಯಾಯ ಮಂಡಳಿಗೆ ಹೋಗಿ ಬರುವ ದಿನದ ಖರ್ಚು, ಇವೆಲ್ಲ ಅದರಲ್ಲಿ. ಹೆಂಡದ ದುಡ್ಡೇ ಯಾಕೆ ಎಂದು ಮೂಗು ಮುರಿಯುವವರಿದ್ದಾರೆ. ಹೆಂಡದಿಂದ ಹೆಚ್ಚು ನಷ್ಟಪಟ್ಟ ಮನೆಗಳಿಗೆ ಅದರ ನೂರರಲ್ಲೊಂದು ಪಾಲು ಹಿಂದಿರುಗಿದರೆ ನನಗಂತೂ ಸಂಕೋಚವಿಲ್ಲ.

ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬುವಷ್ಟು ಮುಗ್ಧರಲ್ಲ ನಾವು. 2013ರಲ್ಲಿ ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆಯನ್ನು ಕರ್ನಾಟಕ ತಂದಿತು. ಜನಸಂಖ್ಯೆಗೆ ತಕ್ಕ ಪಾಲು ಎಂಬ ದೊಡ್ಡ ಮಾತು ಅದರಲ್ಲಿತ್ತು. ಆದರೆ 7(ಡಿ) ಎಂಬ ಚಿಕ್ಕ ಕಲಮು ಎಲ್ಲರಿಗೂ ಬಳಕೆಯಾಗುವ ರಸ್ತೆ, ಸೇತುವೆಯ ವೆಚ್ಚದ ಒಂದು ಭಾಗವನ್ನೂ ದಲಿತರಿಗೆಂದೇ ಖರ್ಚಾದದ್ದು ಎಂದು ಭಾವಿಸಲು ಅವಕಾಶ ಕೊಟ್ಟಿತು. ಅದನ್ನು ತೆಗೆಯಲು ಸಂಘಟನೆಗಳು ಹತ್ತು ವರ್ಷ ಹೋರಾಡಬೇಕಾಯಿತು, 2023ರಲ್ಲಿ ರದ್ದಾಯಿತು. ದೂರದ ಕ್ಯಾಲಿಫೋರ್ನಿಯಾದಲ್ಲೂ ಇದೇ ಪಾಠ. ಅಲ್ಲಿ 2000ನೇ ಇಸವಿಯಲ್ಲಿ ಅಪಾಯದಂಚಿನ ಹದಿಹರೆಯದವರಿಗಾಗಿ ಕೌಂಟಿಗಳಿಗೆ, ಅಂದರೆ ಅಲ್ಲಿನ ಜಿಲ್ಲೆಗಳಿಗೆ, ಹಣ ಕೊಡುವ ಕಾನೂನು ಬಂತು. ಪೊಲೀಸರು, ಶಾಲೆಗಳು, ಸಮುದಾಯ ಸಂಸ್ಥೆಗಳು ಸೇರಿದ ಒಂದು ಮಂಡಳಿ ಯೋಜನೆ ರೂಪಿಸಬೇಕು ಎಂದಿತ್ತು. 2020ರಲ್ಲಿ ಆ ರಾಜ್ಯದ ಲೆಕ್ಕ ಪರಿಶೋಧಕರು ನೋಡಿದಾಗ ಉಸ್ತುವಾರಿ ದುರ್ಬಲ, ಯೋಜನೆಗಳು ಹಳಸಿದ್ದವು. ಇಪ್ಪತ್ತು ವರ್ಷದ ಮೇಲೆ ಸಿಕ್ಕ ಆ ಬುದ್ಧಿ ನಮಗೆ ಮೊದಲ ದಿನವೇ ಇರಲಿ.

ಹಾಗಾಗಿ ಕರಡು ಬರೆಯುವಾಗಲೇ ಕೆಲವು ಬಾಗಿಲುಗಳನ್ನು ಮುಚ್ಚಬೇಕು. ಈ ಹಣ ಕಾಂಪೌಂಡು ಗೋಡೆಗೆ, ಹೈಮಾಸ್ಟ್ ದೀಪಕ್ಕೆ, ಸಮಾರಂಭದ ಶಾಮಿಯಾನಕ್ಕೆ ಹೋಗಕೂಡದು. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದು ಖಜಾನೆಗೆ ಮರಳದೆ ಅದೇ ಊರಿನ ಖಾತೆಯಲ್ಲಿ ನಿಲ್ಲಬೇಕು. ಉಸ್ತುವಾರಿ ಸಮಿತಿಯಲ್ಲಿ ಅದೇ ವಯಸ್ಸಿನವರು ಇಬ್ಬರಾದರೂ ಇರಬೇಕು, ಅದರಲ್ಲಿ ಒಬ್ಬಳು ಹುಡುಗಿ. ಕೇಂದ್ರಕ್ಕೆ ಬಂದ ಮಕ್ಕಳ ಪಟ್ಟಿ ಠಾಣೆಗೆ ಹೋಗುವಂತಿರಬಾರದು. ಇಂದು ಸಹಾಯ ಕೇಳಿ ಬಂದವನ ಹೆಸರು ನಾಳೆ ರೌಡಿ ಪಟ್ಟಿಯ ಪೂರ್ವತಯಾರಿ ಆದರೆ ಆ ಬಾಗಿಲಿಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಪ್ರತಿ ವರ್ಷ ಲೆಕ್ಕ ಸದನದ ಮುಂದೆ ಬರಬೇಕು.

ಹುಡುಗಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಹುಡುಗನ ಸಂಕಟ ಬೀದಿಯಲ್ಲಿ ಕಾಣುತ್ತದೆ, ಹುಡುಗಿಯದು ಮನೆಯೊಳಗೇ ಮುಗಿದುಹೋಗುತ್ತದೆ: ಹತ್ತನೇ ತರಗತಿ ನಪಾಸು, ಆರು ತಿಂಗಳು ಮನೆಗೆಲಸ, ಆಮೇಲೆ ಸೋದರಮಾವನ ಮಗನೊಂದಿಗೆ ದೇವಸ್ಥಾನದಲ್ಲಿ ತಾಳಿ. ಈ ವಿಷಯದಲ್ಲಿ ನಮ್ಮ ಶಾಸನಸಭೆ ದೇಶಕ್ಕಿಂತ ಮುಂದೆ ಹೋಗಿದೆ. ಕೇಂದ್ರದ ಕಾಯ್ದೆಯಲ್ಲಿ ಬಾಲ್ಯವಿವಾಹ ಸಾಮಾನ್ಯವಾಗಿ ಆ ಹುಡುಗಿ ನ್ಯಾಯಾಲಯಕ್ಕೆ ಹೋದರೆ ಮಾತ್ರ ರದ್ದಾಗುವಂಥದ್ದು. ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ ಸಮಿತಿಯ ವರದಿಯ ನಂತರ ಕರ್ನಾಟಕ ಮಾಡಿಕೊಂಡ ತಿದ್ದುಪಡಿ ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಮೆಚ್ಚಿಕೊಂಡಿತು. ಆದರೆ ಮದುವೆ ತಡೆದ ಮಾರನೆಯ ದಿನ ಆ ಹುಡುಗಿ ಏನು ಮಾಡಬೇಕು? ಇಲ್ಲಿಯವರೆಗೆ ನಮಗೆ ಹೊಳೆದಿರುವ ಉತ್ತರ ಹೊಲಿಗೆ ಯಂತ್ರ ಒಂದೇ. ಹೊಲಿಗೆ ಗೌರವದ ಕಸುಬು. ಆದರೆ ಒಂದು ಊರಿನ ಎಲ್ಲ ಹುಡುಗಿಯರೂ ರವಿಕೆ ಹೊಲಿದರೆ ಹೊಲಿಸುವವರು ಯಾರು? ಊರಿನ ಆ ಕೇಂದ್ರ ತೆರೆಯುವ ಸಮಯ, ಅಲ್ಲಿರುವ ಅಕ್ಕ, ಅಲ್ಲಿಗೆ ಹೋಗುವ ದಾರಿಯ ಬೆಳಕು, ಇವನ್ನೆಲ್ಲ ಹುಡುಗಿಯರನ್ನೇ ಕೇಳಿ ಗೊತ್ತುಮಾಡಬೇಕು.

ನಮ್ಮ ಕೈಯಲ್ಲಿ ಏನಿದೆ ಎಂದು ಕೇಳುವಿರಿ. ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ. ಖಜಾನೆಯ ಹಣ ಎತ್ತಿಡುವ ವಿಧೇಯಕವನ್ನು ಶಾಸಕರೊಬ್ಬರು ಖಾಸಗಿಯಾಗಿ ತಂದು ಗೆಲ್ಲಿಸುವುದು ಕಷ್ಟ, ಅದಕ್ಕೆ ರಾಜ್ಯಪಾಲರ ಶಿಫಾರಸು ಬೇಕು; ಸರ್ಕಾರವೇ ತರಬೇಕು. ಆದರೆ ಪ್ರಶ್ನೆ ಕೇಳಲು ಅಂಥ ಶಿಫಾರಸು ಬೇಡ. 224 ಶಾಸಕರಲ್ಲಿ ನಿಮ್ಮವರೊಬ್ಬರು ಇದ್ದೇ ಇದ್ದಾರೆ. "ನಮ್ಮ ತಾಲ್ಲೂಕಿನಲ್ಲಿ ಶಾಲೆ ಬಿಟ್ಟ ಹದಿನಾಲ್ಕರಿಂದ ಹದಿನೆಂಟರವರು ಎಷ್ಟು ಮಂದಿ, ಅವರಿಗೆಂದು ಕಳೆದ ವರ್ಷ ಖರ್ಚಾದ ಹಣ ಎಷ್ಟು" ಎಂಬ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಿಸಿ. ಉತ್ತರ ಲಿಖಿತವಾಗಿ ಬರಬೇಕು. ಆ ಉತ್ತರವೇ ಈ ಕಾನೂನಿನ ಮೊದಲ ಪುಟ.

ವಿಧಾನ ಪರಿಷತ್ತನ್ನು ನಾವು ಮರೆತೇಬಿಡುತ್ತೇವೆ. ಅದರ 75 ಸದಸ್ಯರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ ಬಂದವರು. ಅವರಿಗೆ ಮತ ಹಾಕುವವರಲ್ಲಿ ನಿಮ್ಮ ಗ್ರಾಮ ಪಂಚಾಯಿತಿ ಸದಸ್ಯರೂ ಇದ್ದಾರೆ. ಏಳು ಮಂದಿಯನ್ನು ಆರಿಸುವವರು ಶಿಕ್ಷಕರು, ಇನ್ನೇಳು ಮಂದಿಯನ್ನು ಪದವೀಧರರು. ಮೇಷ್ಟ್ರೇ, ಮೇಡಂ, ವರ್ಗಾವಣೆ ಮತ್ತು ಪಿಂಚಣಿಯ ಮನವಿ ಕೊಡುವಾಗ ಈ ಮನವಿಯನ್ನೂ ಅದರ ಕೆಳಗಿಡಿ. ತರಗತಿಯಿಂದ ಯಾವ ಮಗು ಯಾವ ತಿಂಗಳು ಕಾಣೆಯಾಯಿತು ಎಂದು ನಿಮ್ಮಷ್ಟು ಗೊತ್ತಿರುವವರು ವಿಧಾನಸೌಧದಲ್ಲಿ ಯಾರೂ ಇಲ್ಲ. ಪಂಚಾಯಿತಿ ಚುನಾವಣೆಗೆ ನಿಂತವರು ಮನೆಗೆ ಬಂದಾಗ ಚರಂಡಿಯ ಮಾತಿನ ಜೊತೆ ಈ ಮಾತನ್ನೂ ಹಾಕಿ. ಯುವಕ ಮಂಡಲ, ಮಹಿಳಾ ಸಂಘ, ಗಣೇಶೋತ್ಸವ ಸಮಿತಿಯವರೇ, ನಿಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಪುಟದ ಪತ್ರ ಮುಖ್ಯಮಂತ್ರಿಗಳಿಗೆ ಹೋಗಲಿ. ಬಜೆಟ್ ಪೂರ್ವ ಸಭೆಗಳು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ನಡೆಯುತ್ತವೆ. ಪತ್ರ ಅದಕ್ಕೆ ಮೊದಲೇ ತಲುಪಿದರೆ ಲೆಕ್ಕಕ್ಕೆ ಬರುತ್ತದೆ, ಬಜೆಟ್ ಮಂಡನೆಯಾದ ಮೇಲೆ ಬರೆದರೆ ಬರೀ ಸ್ವೀಕೃತಿ ಬರುತ್ತದೆ.

ಮೊದಲ ಹೆಜ್ಜೆ ನಿಮ್ಮ ಊರಿನ ಗ್ರಾಮಸಭೆ. ಕಾನೂನಿನ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಹೋಗುವಾಗ ಹದಿನಾರು, ಹದಿನೇಳರ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೇ ಮಾತಾಡಲು ಬಿಡಿ. "ಹದಿನಾಲ್ಕರಿಂದ ಇಪ್ಪತ್ತೊಂದು ವರ್ಷದ, ಓದು ಬಿಟ್ಟ ಮತ್ತು ತೊಂದರೆಯಲ್ಲಿರುವ ಯುವಜನರಿಗಾಗಿ ಪ್ರತಿ ಪಂಚಾಯಿತಿ ಮತ್ತು ವಾರ್ಡಿನಲ್ಲಿ ಕಾರ್ಯಕ್ರಮ ನಡೆಸಲು ನಿಶ್ಚಿತ ನಿಧಿಯುಳ್ಳ ಕಾನೂನನ್ನು ರಾಜ್ಯ ಸರ್ಕಾರ ತರಬೇಕು" ಎಂಬ ಈ ಒಂದು ವಾಕ್ಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಕೆಳಗೆ ಸಹಿ ಹಾಕಿ. ಅದರ ದೃಢೀಕೃತ ನಕಲು ತೆಗೆದುಕೊಂಡು ನಿಮ್ಮ ಶಾಸಕರ ಕೈಗೆ ನೀವೇ ಕೊಟ್ಟು ಬನ್ನಿ.